ಕನಿಹೋ ಕೂಗಿದರೆ ಬರುವ ಹಕ್ಕಿ

ಹಕ್ಕಿ ಹಿಡಿಯಲು ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು. ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಕರಾವಳಿಯ ಬೆಸ್ತರ ಮನೆಯ ಹುಡುಗಿ. ಮದುವೆಯಾಗಿ ಓಲಾ ಕಾಡಿನಂಚಿನ ಆ ಮನೆಗೆ ಬಂದ ವಾರದಲ್ಲೇ, ಮಾವ ಕನಿಹೋ ಬೆಳಗ್ಗೆ ಉದ್ದನೆಯ ಬಿದಿರ ಗಳು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿಯುವಾಗ "ಎಲ್ಲಿಗೆ ಮಾವ?" ಅಂದುಬಿಟ್ಟೆ. ಅವರು ಗಳುವನ್ನು ಸೂರಿಗೆ ಸಿಕ್ಕಿಸಿ ವಾಪಸ್ಸು ಬಂದು ಚಾಪೆಯ ಮೇಲೆ ಕೂತರು. ಸಂಜೆಯವರೆಗೂ ಕೂತೇ ಇದ್ದರು.

"ನೀನು ಬಾಯಿಬಿಟ್ಟೆ, ಈಗ ಕಾಡಿಗೆಲ್ಲ ಸುದ್ದಿ ಹೋಯ್ತು," ಅಂದರು ಅತ್ತೆ ಲೆಪೆಕಾ. ಗರಿ ಕಟ್ಟುತ್ತಿದ್ದ ಕೈ ನಿಲ್ಲಲಿಲ್ಲ. "ಇವತ್ತು ಹಕ್ಕಿ ಬರಲ್ಲ. ಈ ಮನುಷ್ಯ ಇಡೀ ದಿನ ನನ್ನ ಕಣ್ಣೆದುರಿಗೇ ಇರ್ತಾನೆ. ಅದನ್ನ ಅನುಭವಿಸೋಳು ನಾನು."

ಮಾವ ಕುಳ್ಳಗೆ, ದಪ್ಪಗೆ ಇದ್ದರು. ಮನೆಯಲ್ಲಿದ್ದರೆ ಬಾಯಿಗೆ ಬಿಡುವಿಲ್ಲ. ಒಣಮೀನಿಗೆ ಉಪ್ಪು ಜಾಸ್ತಿ, ಕೆಸುವಿನ ಗೆಡ್ಡೆ ಸರಿಯಾಗಿ ಕುಟ್ಟಿಲ್ಲ, ಪಾದ್ರಿಯ ಪ್ರಾರ್ಥನೆ ಉದ್ದವಾಯಿತು, ಹೀಗೆ ಎಲ್ಲದಕ್ಕೂ ಒಂದು ಕೊಂಕು. ಕಾಡಿಗೆ ಕಾಲಿಟ್ಟರೆ ಮಾತ್ರ ಮೌನ. ಅಲ್ಲಿ ಅವರ ಬಾಯಿ ಒಂದೇ ಕೆಲಸಕ್ಕೆ ತೆರೆಯುತ್ತಿತ್ತು, ಓಓ ಹಕ್ಕಿಯ ಹಾಗೆ ಕೂಗುವುದಕ್ಕೆ.

ಕೆಂಪು ಲೆಹುವಾ ಹೂ ಬಿಟ್ಟ ಮರ ನೋಡಿ, ಗಳುವಿನ ತುದಿಗೆ ಮರದ ಹಾಲು ಕಾಯಿಸಿ ಮಾಡಿದ ಅಂಟು ಸವರಿ, ಹೂಗಳ ನಡುವೆ ಅದನ್ನು ನಿಲ್ಲಿಸಿ, ಕೆಳಗೆ ಎಲೆ ಮರೆಯಲ್ಲಿ ಕೂತು ಕೂಗುತ್ತಿದ್ದರು. ಮಕರಂದ ಕುಡಿಯಲು ಬಂದ ಹಕ್ಕಿ ಈ ಕೂಗಿಗೆ ಓಗೊಡುತ್ತ ಹತ್ತಿರ ಬಂದು ಗಳುವಿನ ಮೇಲೆ ಕೂತರೆ ಕಾಲು ಅಂಟಿಕೊಳ್ಳುತ್ತಿತ್ತು. ಓಓ ಮೈಯೆಲ್ಲ ಕಪ್ಪು, ಬಾಲ ಉದ್ದ, ರೆಕ್ಕೆಯ ಬುಡದಲ್ಲಿ ಮಾತ್ರ ಆ ಕಡೆ ಈ ಕಡೆ ಒಂದೊಂದು ಹಳದಿ ಕುಚ್ಚು. ಮಾವ ಆ ಕುಚ್ಚನ್ನಷ್ಟೇ ಕಿತ್ತು, ಕಾಲಿನ ಅಂಟಿಗೆ ಎಣ್ಣೆ ಹಚ್ಚಿ ಒರೆಸಿ, ಹಾರಿಸಿಬಿಡುತ್ತಿದ್ದರು. ಕುಚ್ಚು ಮತ್ತೆ ಬೆಳೆಯುತ್ತದೆ. ಅವರಪ್ಪ ನಮ್ಮ ದೊರೆಗಳ ಗರಿ ನಿಲುವಂಗಿಗಾಗಿ ಹಕ್ಕಿ ಹಿಡಿಯುತ್ತಿದ್ದ ಕಾಲದಿಂದಲೂ ಆ ಮನೆಯ ಕ್ರಮ ಅದು.

ಆ ಗರಿಗಳಲ್ಲಿ ಅತ್ತೆ ಹಾರ ಕಟ್ಟುತ್ತಿದ್ದರು. ನನ್ನ ನಾದಿನಿ ಮಿಲಿಯಮಾಳ ಮದುವೆಗೆಂದು ವರ್ಷಗಳಿಂದ ಕಟ್ಟುತ್ತ ಬಂದ ಹಳದಿ ಹಾರ. ನಾನು ಹೇಳುತ್ತಿರುವ ಹೊತ್ತಿಗೆ ಅದು ಮುಗಿಯಲು ನಾಲ್ಕು ಬೆರಳು ಬಾಕಿ ಇತ್ತು.

ನಮ್ಮ ದ್ವೀಪಗಳ ರಾಣಿಯನ್ನು ಬಿಳಿಯರು ಸಿಂಹಾಸನದಿಂದ ಇಳಿಸಿದ ಮೇಲಿನ ವರ್ಷಗಳವು. ಓಲಾ ಕಾಡನ್ನು ಕಡಿದು ಕಾಫಿ ಹಾಕುತ್ತಿದ್ದರು. ಅತ್ತೆಯ ಕೊನೆಯ ತಮ್ಮ ಕಹಾಲೆ ಅಲ್ಲೇ ಮರ ಕಡಿಯುವ ಕೆಲಸಕ್ಕೆ ಹೋಗುತ್ತಿದ್ದ. ನನ್ನ ಗಂಡನಿಗೆ ಹೆಸರಿಗೆ ಸೋದರಮಾವ, ವಯಸ್ಸಿನಲ್ಲಿ ಹೆಚ್ಚುಕಮ್ಮಿ ಒಂದೇ. ಭಾನುವಾರ ಇಗರ್ಜಿ ಮುಗಿಸಿ ನಮ್ಮಲ್ಲಿ ಉಣ್ಣಲು ಬರುತ್ತಿದ್ದ. ಉಂಡ ಮೇಲೆ ಭಾವನನ್ನು ಕೆಣಕದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

"ಭಾವ, ಓಓ ಎಲ್ಲ ಮುಗಿದು ಹೋದವು ಅಂತಾರಲ್ಲ ಹಿಲೋ ಪೇಟೇಲಿ?"

"ಪೇಟೆಯವರು ನನ್ನ ಕೇಳಲಿ. ತೊರೆ ಹತ್ರ ಒಂದಿದೆ. ಹಳೇ ಲಾವಾ ಬಂಡೆ ದಾಟಿದ್ರೆ ಇನ್ನೊಂದು. ಮೇಲಿನ ಗುಡ್ಡದಲ್ಲೂ ಇದೆ. ಪ್ರತಿ ಸಲ ಹೋದಾಗ್ಲೂ ಕೈಯಾರೆ ಹಿಡಿದು ಬಿಡ್ತೀನಿ ಕಣೋ. ಈ ಗರಿ ಏನು ನಿಮ್ಮಕ್ಕನ ತಲೇಲಿ ಬೆಳೆದಿದ್ದಾ?"

"ಅಲ್ಲ ಭಾವ, ಒಂದೇ ಹಕ್ಕಿ ನಿನ್ನ ಹತ್ರ ಸುತ್ತಿ ಸುತ್ತಿ ಕ್ಷೌರಕ್ಕೆ ಬರ್ತಿರಬೇಕು. ಖಾಯಂ ಗಿರಾಕಿ!"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅತ್ತೆಯಂತೂ ಗರಿಗಳ ಮೇಲೆ ಉಸಿರು ಬಿದ್ದು ಹಾರಿಹೋಗಬಾರದೆಂದು ಮುಖ ತಿರುಗಿಸಿಕೊಂಡು ನಕ್ಕರು. ಮಾವ ನಗಲಿಲ್ಲ. ಅವರ ಮೂಗಿನ ತುದಿ ಕೆಂಪಾಯಿತು.

"ಲೆಪೆಕಾ, ಒಂದು ಕೆಂಪು ದಾರ ಕೊಡೇ," ಅಂದರು. "ಈ ಸಲ ತೊರೆ ಹತ್ರದ್ದರ ಕಾಲಿಗೆ ಕಟ್ಟಿ ಬಿಡ್ತೀನಿ. ಆಮೇಲೆ ಬೇರೆ ಕಡೆ ಹೋಗಿ ದಾರ ಇಲ್ಲದ್ದನ್ನ ಹಿಡೀತೀನಿ. ಆಗ ಇವನು ಈ ಅಂಗಳದಲ್ಲಿ, ಊರವರೆದುರಿಗೆ, ನನ್ನ ಕೂಗು ಕೂಗಬೇಕು."

ಕಹಾಲೆ ಒಪ್ಪಿದ. ಕತ್ತೆಯ ಕಂಠ ಅವನದು, ಆ ದಿನ ಬರಲಿ ಅಂತ ನಾವೆಲ್ಲ ಕಾದೆವು.

ಮಾವ ದಾರ ಕಟ್ಟಿ ಬಂದರು. ಕುಚ್ಚು ಬೆಳೆಯಲು ಬೇಕಾದಷ್ಟು ಕಾಲ ಬಿಟ್ಟು ಲಾವಾ ಬಂಡೆಯ ಆಚೆಗೆ ಹೋದರು. ಮಧ್ಯಾಹ್ನವೇ ಮರಳಿದರು. ಮಾರನೆಯ ದಿನ ಮೇಲಿನ ಗುಡ್ಡಕ್ಕೆ. ಇನ್ನೊಂದು ದಿನ ಅದಕ್ಕೂ ಆಚೆ, ಅವರು ಎಂದೂ ಹೋಗದ ಕಡೆಗೆ. ಗಳುವಿನ ಅಂಟು ಮುಗಿದರೆ ಮತ್ತೆ ಕಾಯಿಸುತ್ತಿದ್ದರು. ಮೀನಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ಉಣ್ಣುತ್ತಿದ್ದರು. ಅದು ನನಗೆ ಹೆದರಿಕೆ ಹುಟ್ಟಿಸಿತು. ಕೇಳುವ ಹಾಗಿರಲಿಲ್ಲ.

ಭಾನುವಾರ ಕಹಾಲೆ ಉಣ್ಣಲು ಕೂತವನೇ ಶುರುಮಾಡಿದ. "ಏನ್ ಭಾವ, ಕೆಂಪು ದಾರದ ಗಿರಾಕಿ ಮತ್ತೆ ಬಂದಿತ್ತಾ?"

"ಬಂದಿತ್ತು."

"ಎಲ್ಲಿ?"

"ಲಾವಾದ ಆಚೆ. ಮೇಲಿನ ಗುಡ್ಡದಲ್ಲಿ. ಗುಡ್ಡದ ಆಚೆಗೂ ಬಂತು, ನನ್ನ ಹಿಂದೆನೇ. ಅಲ್ಲಿ ದಾರ ಬಿಚ್ಚಿಬಿಟ್ಟೆ."

"ಮತ್ತೆ ಬೇರೇದು?"

"ಬೇರೇದು ಇಲ್ಲ ಕಹಾಲೆ. ನೀನು ಹೇಳಿದ್ದೇ ಸರಿ. ಇಷ್ಟು ವರ್ಷ ನಾನು ಹಿಡಿದಿದ್ದೆಲ್ಲ ಒಂದೇ."

ಗೆದ್ದವನ ಮುಖ ನೋಡಬೇಕಿತ್ತು. ಬಾಯಿಗಿಟ್ಟ ತುತ್ತು ಹಾಗೇ ನಿಂತಿತ್ತು. "ಭಾವ, ನಾನು ಏನೋ ತಮಾಷೆಗೆ... ಕಾಡು ದೊಡ್ಡದು. ಬೇರೆಯವೂ ಇರ್ತವೆ, ನಿನ್ನ ಕೂಗಿಗೆ ಬರ್ತಿಲ್ಲ ಅಷ್ಟೇ."

"ಹಾಗಿದ್ರೆ ಆ ಹಕ್ಕಿ ಕೂಗಿಗಾದ್ರೂ ಬರ್ಬೇಕಿತ್ತಲ್ಲ."

ಅತ್ತೆ ಕೇಳಿದರು, "ಅಷ್ಟು ಸಲ ಅಂಟಿಗೆ ಸಿಕ್ಕಿ, ಗರಿ ಕೀಳಿಸ್ಕೊಂಡು, ಮತ್ತೆ ನಿನ್ನ ಹತ್ರನೇ ಯಾಕೆ ಬರುತ್ತೆ? ಅಷ್ಟು ದಡ್ಡಾನಾ ಅದು?"

"ದಡ್ಡ ಅಲ್ಲ," ಅಂದರು ಮಾವ. "ಅದನ್ನ ಮಾತಾಡ್ಸೋರು ಇನ್ಯಾರಿದಾರೆ?"

ಗಳು ಮತ್ತೆ ಸೂರಿನಿಂದ ಕೆಳಗಿಳಿಯಲಿಲ್ಲ. ಮಾವ ಬರಿಗೈಯಲ್ಲಿ ಕಾಡಿಗೆ ಹೋಗತೊಡಗಿದರು. ಅತ್ತೆ ಒಂದಷ್ಟು ದಿನ ತಡೆದುಕೊಂಡರು. ಮಿಲಿಯಮಾಳ ಮದುವೆ ಗೊತ್ತಾದಾಗ ತಡೆಯಲಾಗಲಿಲ್ಲ.

"ನಾಲ್ಕೇ ಬೆರಳು. ಮಗಳ ಮದುವೆ. ಹೇಗೂ ಕರೀತೀಯ, ಹೇಗೂ ಬರುತ್ತೆ. ಇದೊಂದು ಸಲ."

"ಮಾತಾಡ್ಸೋಕೆ ಅಂತ ಕರೆದು ಮೈಮೇಲಿನ ಬಟ್ಟೆ ಕಿತ್ಕೊಳ್ಳಲಾ?"

"ಇಷ್ಟು ವರ್ಷ ಕಿತ್ಕೊಂಡ್ಯಲ್ಲ!"

"ಆಗ ನಂಗೆ ಗೊತ್ತಿತ್ತಾ?"

ಆ ದಿನ ಅವರಿಬ್ಬರೂ ಬೇರೆ ಬೇರೆ ಉಂಡರು. ಮದುವೆಯಲ್ಲಿ ಮಿಲಿಯಮಾ ಹಾರದ ಖಾಲಿ ಜಾಗವನ್ನು ಬೆನ್ನ ಕಡೆ ತಿರುಗಿಸಿ ಜಡೆ ಇಳಿಬಿಟ್ಟಳು. ಅತ್ತೆ ಊಟ ಮುಗಿಯುವವರೆಗೂ ಅವಳ ಹಿಂದೆಯೇ ನಿಂತಿದ್ದರು.

ಒಂದು ಸಲ ಮಾವ ನನ್ನನ್ನೂ ಕರೆದುಕೊಂಡು ಹೋದರು. ಎಲೆ ಮರೆಯೇನೂ ಇಲ್ಲ, ಬಿದ್ದ ಮರವೊಂದರ ಮೇಲೆ ರಾಜಾರೋಷವಾಗಿ ಕೂತು ಕೂಗಿದರು. ಮೇಲಿನಿಂದ ಉತ್ತರ ಬಂತು. ಇವರು ಒಂದು ಕೂಗು, ಅದು ಒಂದು ಕೂಗು, ಅದು ಬಂದು ನಮ್ಮ ತಲೆಯ ಮೇಲಿನ ಕೊಂಬೆಯಲ್ಲೇ ಕೂತಿತು. ಬಹಳ ಹೊತ್ತು ಹಾಗೇ ನಡೆಯಿತು.

ಇಳಿದು ಬರುವಾಗ ಕೇಳಿದೆ, "ಏನು ಮಾವ ಅದು ಹೇಳೋದು?"

"ಯಾರಿಗ್ಗೊತ್ತು. ನನಗೆ ಬರೋದು ಒಂದೇ ಮಾತು. ಬಾ ಅನ್ನೋದು. ನಮ್ಮಪ್ಪ ಕಲಿಸಿದ್ದು ಅಷ್ಟೇ, ಕರೆಯೋಕೆ ಅಷ್ಟು ಸಾಕಿತ್ತು. ಅದು ಪಾಪ ಹತ್ರ ಬಂದು ಏನೇನೋ ಹೇಳುತ್ತೆ, ನಾನು ಎದುರಿಗೆ ಕೂತ್ಕೊಂಡು ಬಾ, ಬಾ ಅಂತಾನೇ ಇರ್ತೀನಿ. ನನ್ನ ಎಂಥ ಪೆದ್ದ ಅನ್ಕೊಂಡಿರುತ್ತೋ."

ಅವರು ನಗುತ್ತಲೇ ಹೇಳಿದರು.

ಮರುವರ್ಷದ ಮಳೆಗೆ ಮಾವನಿಗೆ ಕೆಮ್ಮು ಹತ್ತಿತು. ಮೆಟ್ಟಿಲಿಳಿಯಲೂ ಆಗದ ಸ್ಥಿತಿ ಬಂದಾಗ ಅವರಿಗೆ ಒಂದೇ ಚಿಂತೆ: "ಹೋಗದಿದ್ರೆ ಅದು ಏನಂತ ತಿಳ್ಕೊಳ್ಳುತ್ತೆ?" ಕೂಗನ್ನು ಯಾರಿಗಾದರೂ ಕಲಿಸಿಬಿಡಬೇಕೆಂದು ಹಟ ಹಿಡಿದರು. ನನ್ನ ಗಂಡನಿಗೆ ಬರಲಿಲ್ಲ. ನಾನು ಪ್ರಯತ್ನಿಸಿದೆ, ಬಾಯಿಂದ ಗಾಳಿ ಮಾತ್ರ ಬಂತು. ಕಹಾಲೆ ಮಾತ್ರ ಬಿಡಲಿಲ್ಲ. ದಿನಾ ಕೆಲಸ ಮುಗಿಸಿ, ಕೊಡಲಿಯನ್ನು ಹೊರಗೆ ಒರಗಿಸಿಟ್ಟು, ಹಾಸಿಗೆಯ ಪಕ್ಕ ಕೂತು ಕೂಗುತ್ತಿದ್ದ.

"ಹಂದಿಮರಿ ಬಾಲ ತುಳಿದ ಹಾಗಿದೆ," ಅನ್ನುತ್ತಿದ್ದರು ಮಾವ. "ಮೂಗಿಂದ ಅಲ್ವೋ, ಗಂಟಲಿಂದ. ಮತ್ತೆ." ನಗು ಬಂದು, ನಗುವಿಗೆ ಕೆಮ್ಮು ಬಂದು, ಅತ್ತೆ ಇಬ್ಬರನ್ನೂ ಬೈದು ಕಹಾಲೆಯನ್ನು ಮನೆಗೆ ಅಟ್ಟುತ್ತಿದ್ದರು. ಅವನು ಸ್ವಲ್ಪ ಸ್ವಲ್ಪ ಕಲಿಯುತ್ತಿದ್ದ ಅಂತಲೇ ನನಗೆ ಅನಿಸುತ್ತಿತ್ತು. ಪೂರ್ತಿ ಕಲಿಯುವ ಮೊದಲೇ ಮಾವ ತೀರಿಕೊಂಡರು.

ಮಣ್ಣು ಮಾಡಿ ಬಂದ ಮಾರನೆಯ ಬೆಳಗ್ಗೆ ಕಹಾಲೆ ನಮ್ಮ ಮನೆ ಮುಂದಿನಿಂದಲೇ ಕಾಡಿನ ದಾರಿ ಹಿಡಿದ. ಅತ್ತೆ ನೋಡಿದರು, ನಾನೂ ನೋಡಿದೆ. ಎಲ್ಲಿಗೆ ಅಂತ ಕೇಳಲಿಲ್ಲ.

ಮಧ್ಯಾಹ್ನ ಬಂದು ಮೆಟ್ಟಿಲ ಮೇಲೆ ಕೂತ. ಅತ್ತೆ ನೀರು ಕೊಟ್ಟರು.

"ಬಂತಾ?"

"ಬಂತು ಅಕ್ಕ. ನಾನು ಕೂಗಿದ ತಕ್ಷಣ ಬಂತು. ತಲೆ ಮೇಲಿನ ಕೊಂಬೆಗೇ ಬಂತು. ನನಗೆ ಎಷ್ಟು ಖುಷಿಯಾಯ್ತು ಅಂದ್ರೆ, ಇನ್ನೊಂದು ಸಲ ಕೂಗ್ದೆ. ಆಗ ಬಗ್ಗಿ ನನ್ನ ನೋಡ್ತು. ನೋಡಿ ಹಾರಿಹೋಯ್ತು."

"ಹೋಗೇ ಬಿಡ್ತಾ?"

"ದೂರ ಹೋಗ್ಲಿಲ್ಲ. ಎತ್ತರದ ಮರದ ತುದೀಲಿ ಕೂತು, ಆ ಕಡೆ ತಿರುಗಿ ಕೂಗುತ್ತೆ, ಈ ಕಡೆ ತಿರುಗಿ ಕೂಗುತ್ತೆ. ಭಾವನ್ನ ಕರೀತಿದೆ ಅಕ್ಕ ಅದು." ಕಹಾಲೆ ಅಳುತ್ತಿದ್ದ. "ನಾನು ಕೆಳಗೆ ಬಾಯಿ ಮುಚ್ಕೊಂಡು ಕೂತಿದ್ದೆ."