ಹೊಸ ರಾಕರ್ ಆರ್ಮ್, ಅದೇ ಏರು

ಆ ಸೆಮಿಸ್ಟರ್ ಪೂರ್ತಿ ಮಗಳ ಕಾಲೇಜಿನ ಗೋ-ಕಾರ್ಟ್ ಮತ್ತಿಕೆರೆಯ ನಮ್ಮ ಮನೆಯ ಕಾರ್ ಶೆಡ್ಡಿನಲ್ಲೇ ಇತ್ತು. ಕಾರು ಬೀದಿಯಲ್ಲಿ, ಅದರ ಜಾಗದಲ್ಲಿ ಪುಟ್ಟ ಚಕ್ರಗಳ, ಬರೀ ಪೈಪುಗಳ ಈ ಗಾಡಿ. ನಮ್ಮ ಯಜಮಾನರು ದಿನಾ ಬೆಳಿಗ್ಗೆ ಕಾರಿನ ಮೇಲಿನ ಪಾರಿವಾಳದ ಹಿಕ್ಕೆ ಒರೆಸುತ್ತಾ, "ನಿಮ್ಮ ವಿಮಾನ ಯಾವಾಗಮ್ಮಾ ಹಾರೋದು?" ಎಂದು ಮಗಳನ್ನು ಕೇಳುತ್ತಿದ್ದರು.

ಕಾಲೇಜಿನಲ್ಲಿ ಎರಡು ತಂಡಗಳು ಎರಡು ಗಾಡಿ ಕಟ್ಟಿದ್ದವು. ಹೊರಗಿನ ರೇಸಿಗೆ ಹೋಗುವುದು ಒಂದೇ. ಯಾವುದೆಂದು ತೀರ್ಮಾನಿಸಲು ಕಾಲೇಜಿನಲ್ಲೇ ಒಂದು ಪರೀಕ್ಷೆ. ಬೇಸ್‌ಮೆಂಟ್ ಪಾರ್ಕಿಂಗಿನ ಏರಿನ ನಡುವೆ ಗಾಡಿಯನ್ನು ನಿಲ್ಲಿಸಿ, ಅಲ್ಲಿಂದ ಮೇಲೆ ಹತ್ತಿಸಬೇಕು. ಬೇಗ ಹತ್ತಿದ್ದು ಗೆದ್ದಂತೆ. ಸೋತ ತಂಡ ಗೆದ್ದವರ ಹಿಂದೆ ಸ್ಪ್ಯಾನರ್ ಹೊತ್ತು ನಡೆಯಬೇಕು. ಅಭ್ಯಾಸದ ದಿನ ಮಗಳ ಗಾಡಿ ಆ ಏರಿನಲ್ಲಿ ಕೆಮ್ಮಿ ನಿಂತುಬಿಟ್ಟಿತ್ತು. "ಅಮ್ಮನ ಮಿಕ್ಸಿ ಮೋಟರ್ ಹಾಕಿದ್ದೀಯಾ ಮಗಾ?" ಎಂದನಂತೆ ಎದುರು ತಂಡದ ನಾಯಕ. ಇದನ್ನು ನನಗೆ ಹೇಳುವಾಗ ಮಗಳು ನಗುತ್ತಿದ್ದಳು. ಕೈ ಮಾತ್ರ ಬ್ಯಾಗಿನ ಜಿಪ್ಪನ್ನು ಎಳೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ಎಳೆಯುತ್ತಿತ್ತು.

ನಿಯಮದ ಪ್ರಕಾರ ಎಂಜಿನ್ ಬದಲಿಸುವಂತಿರಲಿಲ್ಲ. ಒಳಗಿನ ಸಣ್ಣ ಭಾಗಗಳನ್ನು ಬದಲಿಸಬಹುದಿತ್ತು. ಹಾಗಾಗಿ ಅವಳು ಹೊಸ ರಾಕರ್ ಆರ್ಮ್‌ಗಳನ್ನು ತರಿಸಿದಳು. "ಅಮ್ಮ, ಪಾರ್ಕಲ್ಲಿ ಮಕ್ಕಳು ಆಡೋ ಸೀಸಾ ಇರತ್ತಲ್ಲ, ಅದೇ ಇದು. ಒಂದು ತುದೀನ ಕಡ್ಡಿ ಮೇಲಕ್ಕೆ ತಳ್ಳತ್ತೆ, ಇನ್ನೊಂದು ತುದಿ ವಾಲ್ವನ್ನ ಒತ್ತಿ ತೆಗೆಯತ್ತೆ. ಇದು ಹಳೇದಕ್ಕಿಂತ ಸ್ವಲ್ಪ ಜಾಸ್ತಿ ತೆಗೆಯತ್ತೆ, ಎಂಜಿನ್‌ಗೆ ಜಾಸ್ತಿ ಉಸಿರು." ಹಳೆಯವು ತಗಡನ್ನು ಒತ್ತಿ ಮಾಡಿದ ಒರಟು ತುಂಡುಗಳು. ಹೊಸದರ ಮೂತಿಯಲ್ಲಿ ಜೋಳದ ಕಾಳಿನಷ್ಟು ದಪ್ಪದ ಉರುಳೆ. ಬೆರಳಿನಿಂದ ತಿರುಗಿಸಿದರೆ ಸದ್ದೇ ಇಲ್ಲದೆ ತಿರುಗುತ್ತಿತ್ತು. ನಾನು ಸುಮ್ಮನೆ ತಿರುಗಿಸುತ್ತಾ ಕೂತುಬಿಟ್ಟೆ. "ಅಮ್ಮ, ಕೊಡಮ್ಮ!" ಎಂದು ಕಿತ್ತುಕೊಂಡಳು.

ಪರೀಕ್ಷೆಯ ಹಿಂದಿನ ದಿನ, ಭಾನುವಾರ, ಅವನ್ನು ಜೋಡಿಸಿದಳು. ಎಂಜಿನ್ ಚೆನ್ನಾಗಿಯೇ ಓಡಿತು, ಆದರೆ ಒಳಗೆ ಟಕಟಕ ಸದ್ದು. ಆರ್ಮಿನ ತುದಿಗೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟೇ ಸಂದು ಇರಬೇಕಂತೆ, ಅದು ಜಾಸ್ತಿಯಾಗಿದೆ ಎಂದು ಕೂಡಲೇ ಮುಚ್ಚಳ ಬಿಚ್ಚಿದಳು. ಮುಟ್ಟಲಾಗದಷ್ಟು ಸುಡುತ್ತಿತ್ತು. ನಾನೇ ಅಡುಗೆಮನೆಯಿಂದ ಬಿಸಿ ಪಾತ್ರೆ ಇಳಿಸುವ ಬಟ್ಟೆ ತಂದುಕೊಟ್ಟೆ. ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಸಂದಿಯಲ್ಲಿ ತೂರಿಸಿ ಅಳತೆ ನೋಡುತ್ತಾ ನಟ್ಟು ಬಿಗಿ ಮಾಡಿದಳು. ಟಕಟಕ ನಿಂತಿತು. ಇಬ್ಬರೂ ಖುಷಿಯಿಂದ ಊಟಕ್ಕೆ ಎದ್ದೆವು.

ಸೋಮವಾರ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಎಂಜಿನ್ ಶುರು ಮಾಡುವ ಹಗ್ಗ ಎಳೆದಳು, ಮತ್ತೆ ಎಳೆದಳು. ಪ್ಲಗ್ ಬಿಚ್ಚಿ ಒರೆಸಿದಳು, ಪೆಟ್ರೋಲ್ ನೋಡಿದಳು. ಕೊನೆಗೆ ಕಣ್ಣು ಕೆಂಪು ಮಾಡಿಕೊಂಡು ಚಕ್ರದ ಪಕ್ಕ ಕುಕ್ಕರಿಸಿದಳು. "ಹಳೇದನ್ನೇ ಇಟ್ಕೋಬೇಕಿತ್ತು. ಅವನ ಸ್ಪ್ಯಾನರ್ ಹೊರೋದೇ ಸರಿ ನಂಗೆ."

"ಬಿಡು, ನಾನೊಂದ್ಸಲ ಎಳೀತೀನಿ," ಎಂದೆ. ಎಳೆದಾಗ ಏನೋ ವಿಚಿತ್ರವೆನಿಸಿತು. ಭಾನುವಾರ ನಾನು ತಮಾಷೆಗೆ ಎಳೆದಿದ್ದಾಗ ಹಗ್ಗ ನಡುವೆ ತಡೆದು, ನನ್ನ ಕೈಯನ್ನೇ ಹಿಂದಕ್ಕೆ ಜಗ್ಗಿತ್ತು. ಈಗ ಗಂಟು ಬಿಚ್ಚಿದ ಲಾಡಿಯ ಹಾಗೆ ಸಲೀಸಾಗಿ ಬಂತು. ಹಾಗೆಂದೇ ಹೇಳಿದೆ.

ಅವಳು ತಲೆ ಎತ್ತಿದಳು. "ಕಂಪ್ರೆಷನ್ ಇಲ್ಲ, ಒಳಗೆ ಒತ್ತಡ ಕಟ್ತಿಲ್ಲ. ಗಾಳಿ ಎಲ್ಲೋ ಸೋರ್ತಿದೆ. ಆದ್ರೆ ನಿನ್ನೆ ಸರಿಯಿತ್ತಲ್ಲಮ್ಮ!"

"ನಿನ್ನೆ ಬಟ್ಟೆ ಇಲ್ದೆ ಮುಟ್ಟೋಕಾಗ್ತಿರ್ಲಿಲ್ಲ. ಇವತ್ತು ತಣ್ಣಗಿದೆ. ನಂಗೆ ಕಾಣೋ ವ್ಯತ್ಯಾಸ ಅಷ್ಟೇ ಕಣೇ."

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ! ತಣ್ಣಗಿರುವಾಗ ಅಳೀಬೇಕಮ್ಮ ಇದನ್ನ! ಬಿಸಿಗೆ ಎಂಜಿನ್ ಹಿಗ್ಗಿತ್ತು, ಸಂದು ದೊಡ್ಡದಾಗಿ ಕಾಣ್ತು, ನಾನು ಮುಚ್ಬಿಟ್ಟೆ. ರಾತ್ರಿ ಕುಗ್ಗಿ ಸಂದೇ ಇಲ್ದಂಗಾಗಿದೆ. ವಾಲ್ವ್ ಪೂರ್ತಿ ಮುಚ್ಕೋತಾನೇ ಇಲ್ಲ!"

ಮುಚ್ಚಳ ಮತ್ತೆ ಬಿಚ್ಚಿದಳು. ಹೊತ್ತು ಮೀರುತ್ತಿದ್ದುದರಿಂದ ಪಟ್ಟಿ ಹಿಡಿಯುವ ಕೆಲಸ ನನ್ನದಾಯಿತು. ಅವಳು ನಟ್ಟು ತಿರುಗಿಸಿದಂತೆ ನಾನು ಪಟ್ಟಿಯನ್ನು ಹಿಂದೆ ಮುಂದೆ ಜಾರಿಸುತ್ತಿದ್ದೆ. ಹೊಸ ರೇಷ್ಮೆ ಸೀರೆಯ ಮಡಿಕೆಯಿಂದ ಕಾಗದ ಎಳೆದರೆ ಒಂದಿಷ್ಟೇ ಹಿಡಿದುಕೊಂಡು ಬಿಡುತ್ತದಲ್ಲ, ಹಾಗೆ ಆಗುತ್ತಲೇ "ಸಾಕು" ಎಂದೆ. ಎರಡನೆಯ ಆರ್ಮಿಗೂ ಹಾಗೇ. ಆಮೇಲೆ ಅವಳು ಹಗ್ಗ ಎಳೆದಳು. ಒಂದೇ ಎಳೆತ! ಶೆಡ್ಡಿನ ತಗಡು ಅದುರಿತು. ಮಹಡಿಯ ಮನೆಯಾಕೆ ಬಾಲ್ಕನಿಯಿಂದ ಬಗ್ಗಿ, "ಏನ್ರೀ ಅದು, ಹಾಲು ಉಕ್ಕಿಹೋಯ್ತಲ್ರೀ!" ಎಂದು ಕೂಗಿದರು. ನಾವಿಬ್ಬರೂ ಕುಣಿಯುತ್ತಿದ್ದೆವು.

ಗಾಡಿಯನ್ನು ಗೂಡ್ಸ್ ಆಟೋಗೆ ಹೇರಿ ಕಳಿಸಿ, ನಾನೂ ಹಿಂದೆಯೇ ಕಾಲೇಜಿಗೆ ನಡೆದೆ. ನನ್ನನ್ನು ಕಂಡ ಎದುರು ತಂಡದ ನಾಯಕ, "ಏನ್ ಮಚ್ಚಾ, ಅಮ್ಮನ್ನೂ ಕರ್ಕೊಂಡ್ ಬಂದಿದ್ದೀಯಾ!" ಎಂದ.

"ಸೋತ್ಮೇಲೆ ನಿನ್ನ ಸಮಾಧಾನ ಮಾಡೋಕೆ ಯಾರಾದ್ರೂ ಬೇಕಲ್ಲ ಗುರು," ಎಂದಳು ನನ್ನ ಮಗಳು, ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ.

ಮೊದಲು ಅವನ ಗಾಡಿ. ಹತ್ತಿತು, ಚೆನ್ನಾಗಿಯೇ ಹತ್ತಿತು. ಬಳಿಕ ಮಗಳು ಏರಿನ ನಡುವೆ ನಿಂತಳು. ಮೇಷ್ಟ್ರು ಬಾವುಟ ಇಳಿಸಿದರು. ಗಾಡಿ ಕೆಮ್ಮಲಿಲ್ಲ, ತಡವರಿಸಲಿಲ್ಲ. ಯಾರೋ ಮೇಲಿನಿಂದ ಎಳೆದುಕೊಂಡ ಹಾಗೆ ನುಗ್ಗಿತು. ಏರಿನ ತುದಿಯಲ್ಲಿ ಮುಂದಿನ ಚಕ್ರಗಳು ನೆಲ ಬಿಟ್ಟು, ಬಿಸಿಲಿಗೆ ಒಮ್ಮೆ ಹೊಳೆದು, ಆಚೆ ಮರೆಯಾದವು. ಮೇಷ್ಟ್ರು ಕೈಯಲ್ಲಿದ್ದ ಗಡಿಯಾರವನ್ನು ಎದುರು ತಂಡದವರಿಗೇ ತೋರಿಸಿದರು. ನಾಯಕ ಎರಡು ಸಲ ನೋಡಿದ. ಆಮೇಲೆ ಅವನೇ ಮೊದಲು ಚಪ್ಪಾಳೆ ತಟ್ಟಿದ, ಒಳ್ಳೆಯ ಹುಡುಗ. "ಆಂಟಿ, ಅದರೊಳಗೆ ಏನ್ ಹಾಕಿದ್ರಿ?" ಎಂದ.

ಉತ್ತರ ಹೇಳಲು ನಾನಲ್ಲಿ ನಿಂತಿರಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು, ಆ ಏರನ್ನು ನಾನೂ ಓಡಿಯೇ ಹತ್ತುತ್ತಿದ್ದೆ. ಮೇಲೆ ಮಗಳು ಎಂಜಿನ್ ಆರಿಸದೆ, ಹೆಲ್ಮೆಟ್ ತೆಗೆದು, ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದಳು. ಆ ಸದ್ದಿನಲ್ಲಿ ಒಂದು ಅಕ್ಷರವೂ ಕೇಳಿಸಲಿಲ್ಲ. ನಾನೂ ಕೈ ಎತ್ತಿ, ಗಂಟಲು ಬಿರಿಯುವಂತೆ ಕೂಗಿದೆ.