ಮೂರು ಗಂಟೆಯ ಚಹಾ

ಎನಿಡ್ ಪ್ರೌಸ್ ಇಪ್ಪತ್ತೆರಡು ವರ್ಷ ಕುರಿಯ ಉಣ್ಣೆ ಕತ್ತರಿಸುವ ಶೆಡ್ಡುಗಳಲ್ಲಿ ಅಡುಗೆ ಮಾಡಿದವಳು. ಗಂಡ ತೀರಿಕೊಂಡ ಮೇಲೆ, ಡಾರ್ಲಿಂಗ್ ನದಿ ದಂಡೆಯ ತನ್ನೂರಿನ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ, ಮಂಗಳವಾರ, ರೋಗಿಗಳ ಜೊತೆ ಕೂರಲು ಹೆಸರು ಕೊಟ್ಟಳು. ಸಂಬಳವಿಲ್ಲ, ಒಂದು ಹಳದಿ ಮೇಲಂಗಿ ಕೊಡುತ್ತಾರೆ. ಔಷಧ ಮುಟ್ಟುವ ಹಾಗಿಲ್ಲ; ಕನ್ನಡಕ ಒರೆಸಬಹುದು, ಕೈ ಹಿಡಿದುಕೊಳ್ಳಬಹುದು, ಚಹಾ ಕುಡಿಸಬಹುದು.

ಆ ಮಂಗಳವಾರ ಅವಳ ಪಾಲಿಗೆ ಬಂದವನು ಎಂಬತ್ತಾರರ ಕ್ಲಾರಿ ಟ್ರೆಲೋರ್. ಜ್ವರಕ್ಕೆ ಬುದ್ಧಿ ಕದಡಿತ್ತು. ಎರಡು ದಿನದಿಂದ ತೊಟ್ಟು ನೀರು ಗಂಟಲಿಗಿಳಿದಿರಲಿಲ್ಲ. ಕೈಗೆ ಚುಚ್ಚಿದ ಡ್ರಿಪ್ಪನ್ನೂ ಕಿತ್ತುಹಾಕಿದ್ದ.

"ಸಂಜೆಯೊಳಗೆ ಕುಡೀದಿದ್ರೆ ವಿಮಾನದಲ್ಲಿ ಸಿಡ್ನಿಗೆ ಕಳಿಸ್ತಾರಂತೆ," ಎಂದಳು ನರ್ಸ್ ಟ್ರೂಡಿ. "ಹೋದ್ರೆ ತಿರುಗಿ ಬರೋ ಜೀವ ಅಲ್ಲ. ಹತ್ತಕ್ಕೆ ಚಹಾ ಕೊಟ್ಟೆ, ಈಗ ಎರಡೂವರೆಗೂ ಕೊಟ್ಟೆ. ಕೈ ಕೊಡವಿಬಿಟ್ಟ."

ಎನಿಡ್ ಕುರ್ಚಿ ಎಳೆದುಕೊಂಡಳು. ಕಿಟಕಿಯ ಬಿಸಿಲು ಬಿಳಿ ಹೊದಿಕೆಯ ಮೇಲೆ ಬಿದ್ದಿತ್ತು. ಕ್ಲಾರಿಯ ಎಡಗೈ ಅದನ್ನು ನೀವುತ್ತಿತ್ತು, ಬಲಗೈ ಉದ್ದಕ್ಕೆ ಸರಿಯುತ್ತಿತ್ತು. ಮೊಣಕಾಲ ನಡುವೆ ದಿಂಬು, ಉಣ್ಣೆ ಕತ್ತರಿಸುವವನು ಕುರಿಯನ್ನು ಅವುಚಿ ಹಿಡಿದ ಹಾಗೆ. ನೋಡುತ್ತ ನೋಡುತ್ತ ಅವಳ ಕಣ್ಣಿಗೂ ಜೋಂಪು ಹತ್ತಿತು. ಮಂಚಗಳ ಸಂದಿಯಲ್ಲಿ ಕುರಿಗಳು ಸದ್ದಿಲ್ಲದೆ ನುಸುಳಿ ಬಂದವು. ತುಪ್ಪಟದ ಜಿಡ್ಡುವಾಸನೆ ಬಂತು. ಹೊದಿಕೆ ಮೋಡದ ಹಾಗೆ ಕಳಚಿ ನೆಲಕ್ಕಿಳಿಯಿತು.

"ಎಷ್ಟಾಯ್ತೋ ಕ್ಲಾರಿ?" ಎಂದಳು.

"ನೂರಾ ಹನ್ನೊಂದು. ಮಾತಾಡಿಸ್ಬೇಡ, ಕುರಿಗೆ ಗಾಯ ಆಗತ್ತೆ."

ಎನಿಡ್ ಗಡಿಯಾರ ನೋಡಿದಳು. ಮೂರಕ್ಕೆ ಇಪ್ಪತ್ತು ನಿಮಿಷ ಬಾಕಿ. ಶೆಡ್ಡಿನಲ್ಲಿ ಚಹಾ ಒಂಬತ್ತೂವರೆಗೆ, ಮತ್ತೆ ಮೂರಕ್ಕೆ; ಊಟ ಹನ್ನೆರಡಕ್ಕೆ, ಕೆಲಸ ಬಿಡುವುದು ಐದೂವರೆಗೆ. ಗಂಟೆ ಬಾರಿಸುವ ಮುಂಚೆ ಕತ್ತರಿ ಕೆಳಗಿಟ್ಟವನುಂಟೇ?

ಕಡು ಚಹಾ ತರಿಸಿ ಕಾದಳು. ಮುಳ್ಳು ಮೂರಕ್ಕೆ ಬಂದ ಕೂಡಲೆ ಸ್ಟೀಲ್ ಬೋಗುಣಿಗೆ ಚಮಚದಿಂದ ಮೂರು ಸಲ ಹೊಡೆದಳು.

ಕ್ಲಾರಿಯ ಕೈ ನಿಂತಿತು. ಸೊಂಟ ಹಿಡಿದು ಮೆಲ್ಲಗೆ ನೆಟ್ಟಗಾದ. "ಹೊಸ ಅಡುಗೆಯವಳಾ ನೀನು?"

"ಹಳಬಳೇ. ಕುಡಿ."

ಒಂದೇ ಸಮನೆ ಕುಡಿದ. "ಥೂ, ಕುರಿ ತೊಳೆದ ನೀರು."

"ಮತ್ತೆ ಲೋಟ ಯಾಕೋ ಚಾಚ್ತೀಯ, ಮುದುಕ?"

"ಇನ್ನೊಂದು ಹಾಕು."

ಮೂರೂವರೆಗೆ ಅವಳು ಮತ್ತೆ ಬಾರಿಸಿದಳು, ಅವನ ಕೈ ಮತ್ತೆ ಕೆಲಸ ಹಿಡಿಯಿತು. ನಾಲ್ಕಕ್ಕೆ ಅವಳ ಸರದಿ ಮುಗಿಯಿತು, ಏಳಲಿಲ್ಲ. ಐದೂವರೆಗೆ ಕೊನೆಯ ಗಂಟೆ ಬಾರಿಸಿದಳು; ಅವನು ಇನ್ನೂ ಎರಡು ಲೋಟ ಕುಡಿದು, ದಿಂಬಿಗೆ ತಲೆ ಕೊಟ್ಟು ನಿದ್ದೆಹೋದ. ಡಾಕ್ಟರು ಬಂದು ನೋಡಿ, ವಿಮಾನ ಬೇಡವೆಂದರು.

ಎನಿಡ್ ನರ್ಸುಗಳಿಗೆಂದು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಳು: ಒಂಬತ್ತೂವರೆ, ಹನ್ನೆರಡು, ಮೂರು, ಐದೂವರೆ. ಮೊದಲು ಗಂಟೆ, ಆಮೇಲೆ ಲೋಟ. ಚೀಟಿ ಹಾರದಂತೆ ಅದರ ಮೇಲೆ ಬೋಗುಣಿ ಇಟ್ಟಳು, ಬೋಗುಣಿಯೊಳಗೆ ಚಮಚ.