ಕೇಳದೆ ತೆಗೆದ ಫೋಟೋ

1958ನೇ ಇಸವಿ. ನಾನು ಆಗ ಶಿಕಾರಿಪುರದಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಇನ್ನೂ ಮದುವೆಯಾಗಿರಲಿಲ್ಲ. ಆ ದೀಪಾವಳಿಗೆ ಬೊಂಬಾಯಿಯಿಂದ ಬಂದಿದ್ದ ನನ್ನ ಸೋದರಮಾವ ತಾವು ಬಳಸುತ್ತಿದ್ದ ಸಣ್ಣ ಕ್ಯಾಮೆರಾವೊಂದನ್ನು ನನಗೆ ಕೊಟ್ಟು ಹೋದರು. ಮಡಿಸಿದರೆ ಕೋಟಿನ ಜೇಬಿನಲ್ಲಿ ಹಿಡಿಸುವಂಥದ್ದು. ಗುಂಡಿ ಒತ್ತಿದರೆ ಮುಂದಿನ ಮುಚ್ಚಳ ತೆರೆದುಕೊಂಡು, ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆ ಮಡಿಕೆಯಾದ ಕಪ್ಪು ಚರ್ಮ ಹೊರಗೆ ಚಾಚಿಕೊಳ್ಳುತ್ತಿತ್ತು. ಹಿಂದುಗಡೆ ಕೆಂಪು ಗಾಜಿನ ಪುಟ್ಟ ಕಿಂಡಿ. ಎಷ್ಟನೇ ಫೋಟೋ ಎಂಬ ಅಂಕಿ ಅದರಲ್ಲಿ ಕಾಣುತ್ತಿತ್ತು. ಒಂದು ರೀಲಿಗೆ ಹನ್ನೆರಡು ಫೋಟೋ. ನಮ್ಮ ಕಡೆ ಕ್ಯಾಮೆರಾ ಎಂದರೆ ಮೂರು ಕಾಲಿನ ಮೇಲೆ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ತೆಗೆಯುವ ದೊಡ್ಡ ಪೆಟ್ಟಿಗೆ ಎಂದಷ್ಟೇ ಜನಕ್ಕೆ ಗೊತ್ತಿದ್ದ ಕಾಲ ಅದು. ಜೇಬಿನಿಂದ ಕ್ಯಾಮೆರಾ ತೆಗೆಯುವಾಗ ಸುತ್ತಲಿನವರು ನನ್ನನ್ನು ನೋಡಲಿ ಎಂಬ ಆಸೆ ನನಗಿತ್ತು, ಸುಳ್ಳು ಹೇಳುವುದಿಲ್ಲ.

ಆ ಕ್ಯಾಮೆರಾಕ್ಕೆ ನಮ್ಮ ಮನೆಯಲ್ಲಿ ಒಂದು ಮುಖ್ಯ ಕೆಲಸ ಕಾದಿತ್ತು. ಶ್ರಾವಣದಲ್ಲಿ ಅವ್ವ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಸೊರಬಕ್ಕೆ ಕೊಟ್ಟಿದ್ದ ನನ್ನ ಅಕ್ಕನಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಬಸಿರು ನಿಂತಿತ್ತು. ಬಾಣಂತನಕ್ಕೆ ತವರಿಗೆ ಬರಬೇಕಾದವಳು, ನೋಡಿಕೊಳ್ಳುವವರಿಲ್ಲವೆಂದು ಗಂಡನ ಮನೆಯಲ್ಲೇ ಹೆತ್ತಳು. ಹೆಣ್ಣು ಮಗು. ಅವ್ವ ಬಸ್ಸು ಹತ್ತುವಂತಿರಲಿಲ್ಲ, ಎಳೆಗೂಸನ್ನು ಇಷ್ಟು ದೂರ ತರುವಂತೆಯೂ ಇರಲಿಲ್ಲ. "ಮುಖ ಹ್ಯಾಂಗೈತೋ ಏನೋ" ಎಂದು ಅವ್ವ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಸೋದರಮಾವ ನನಗೆ ಕ್ಯಾಮೆರಾ ಕೊಟ್ಟದ್ದೂ ಅದನ್ನು ಕೇಳಿಯೇ.

ಡಿಸೆಂಬರಿನಲ್ಲಿ ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಅವ್ವನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಬಸ್ಸು ಹಿಡಿದು, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋದೆ. ಬಿಸಿಲು ಇಳಿಯುವುದರೊಳಗೆ ಒಂಬತ್ತು ಫೋಟೋ ತೆಗೆದೆ. ಮಗು ಮಲಗಿದ್ದು, ಆಕಳಿಸಿದ್ದು, ಅಕ್ಕನ ಮಡಿಲಲ್ಲಿ ಕಣ್ಣು ಬಿಟ್ಟಿದ್ದು. ಅಕ್ಕನ ಅತ್ತೆ ಪಕ್ಕದಲ್ಲಿ ನಿಂತು, "ಬೆಳಕು ಮಗೂನ ಕಣ್ಣಿಗೆ ಬೀಳದಂಗೆ ತೆಗಿ ಮಾರಾಯ" ಎಂದು ಹೇಳುತ್ತಲೇ ಇದ್ದರು. ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸು ಹೊರಟೆ.

ರೀಲಿನಲ್ಲಿ ಇನ್ನೂ ಮೂರು ಉಳಿದಿದ್ದವು. ಅವುಗಳನ್ನು ಮುಗಿಸಿದರೆ ಅವತ್ತೇ ರೀಲನ್ನು ಶಿವಮೊಗ್ಗದ ಸ್ಟುಡಿಯೋಗೆ ಕಳಿಸಬಹುದಿತ್ತು. ಸುಮ್ಮನೆ ದಂಡ ಮಾಡಲು ಮನಸ್ಸು ಬರಲಿಲ್ಲ. ಊರಿಗೆ ಬಂದವನೇ ಗೆಳೆಯನ ಸೈಕಲ್ಲು ಇಸಿದುಕೊಂಡು ಈಸೂರಿನ ಕಡೆ ಹೊರಟೆ. ಬ್ರಿಟಿಷರ ಕಾಲದಲ್ಲಿ, 1942ರಲ್ಲಿ, ಸ್ವಾತಂತ್ರ್ಯ ಸಾರಿದ ಊರು, ಶಾಲೆಯಲ್ಲಿ ಮಕ್ಕಳಿಗೆ ನಾನೇ ಅದರ ಕಥೆ ಹೇಳುತ್ತಿದ್ದ ಊರು. ಅದರ ಒಂದೆರಡು ಚಿತ್ರ ನನ್ನ ಹತ್ತಿರ ಇರಲಿ ಎಂಬುದು ಯೋಚನೆ.

ಊರೊಳಗೆ ಒಂದು ಮನೆಯ ಮುಂದೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಿಂತುಕೊಂಡು ಮೊರದಲ್ಲಿ ಹುರುಳಿ ತೂರುತ್ತಿದ್ದರು. ಚಳಿಗಾಲದ ಓರೆ ಬಿಸಿಲು ಒಂದು ಬದಿಯಿಂದ ಬೀಳುತ್ತಿತ್ತು. ಹಾರಿದ ಹೊಟ್ಟು ಆ ಬಿಸಿಲಿನಲ್ಲಿ ಹೊಳೆಯುತ್ತಾ ಅವರ ಮುಖದ ಮುಂದೆ ನಿಧಾನವಾಗಿ ಇಳಿಯುತ್ತಿತ್ತು. ನಾನು ಸೈಕಲ್ಲಿನಿಂದ ಇಳಿದು, ಕ್ಯಾಮೆರಾ ಬಿಚ್ಚಿ, ಅವರಿಗೆ ಗೊತ್ತಾಗದ ಹಾಗೆ ಒತ್ತಿಬಿಟ್ಟೆ.

ಸದ್ದಿಗೆ ಅವರು ತಿರುಗಿದರು. ಕೂಗಾಡಲಿಲ್ಲ. ಮೊರವನ್ನು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಬಂದು ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡರು.

"ಏನ್ ತಗದ್ರಿ?"

"ಫೋಟೋ, ಅವ್ವಾ."

"ನಂದಾ?"

"ಹೂಂ."

"ತಗಿರಿ ಅಂತ ಯಾರು ಹೇಳಿದ್ರು?"

ಅಷ್ಟರಲ್ಲಿ ಒಳಗಿನಿಂದ ಅವರ ಮೈದುನ ರುದ್ರಪ್ಪ ಎಂಬವರು ಬಂದರು. ಗಟ್ಟಿಮುಟ್ಟಾದ ಆಳು. ಅಕ್ಕಪಕ್ಕದ ನಾಲ್ಕೈದು ಜನರೂ ಸೇರಿದರು. ನಾನು ಯಾರು, ಯಾವ ಆಫೀಸಿನವನು ಎಂದು ರುದ್ರಪ್ಪ ಕೇಳಿದರು. ಮೇಷ್ಟ್ರು ಎಂದೆ.

"ಮೇಷ್ಟ್ರಿಗೆ ನಮ್ಮ ಅತ್ತಿಗಿ ಮುಖದಾಗ ಏನು ಕೆಲಸ?" ಎಂದರು. ನನ್ನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು, ಅದನ್ನು ಹಿಂದೆ ಮುಂದೆ ತಿರುಗಿಸಿ, ಹಿಂಬದಿಯ ಬಾಗಿಲಿನ ಚಿಲಕದ ಮೇಲೆ ಹೆಬ್ಬೆರಳಿಟ್ಟರು. "ಇದರಾಗ ಇರೋದನ್ನ ಹೊರಗ ತಗೀರಿ. ಇಲ್ಲಂದ್ರ ನಾನೇ ಕೀಳ್ತೀನಿ."

ಆ ಬಾಗಿಲು ತೆರೆದು ಬಿಸಿಲಿಗೆ ರೀಲು ಎಳೆದರೆ ಬೆಳಕು ತಾಗಿ ಮಗುವಿನ ಫೋಟೋಗಳೂ ಸೇರಿ ಎಲ್ಲವೂ ಹಾಳಾಗುತ್ತಿತ್ತು. ನಾನು ಕೈ ಮುಗಿದೆ. ಒಳಗೆ ನನ್ನ ಅಕ್ಕನ ಮಗು ಇದೆ ಎಂದೆ. ಯಾರಿಗೂ ಅರ್ಥವಾಗಲಿಲ್ಲ, ಒಬ್ಬರು ನಕ್ಕರು. ಆಮೇಲೆ ಅವ್ವ ಬಿದ್ದದ್ದು, ನಾಲ್ಕು ತಿಂಗಳಿನಿಂದ ಮಲಗಿದ್ದು, ಮೊಮ್ಮಗಳ ಮುಖ ನೋಡಲು ಕಾಯುತ್ತಿರುವುದು ಎಲ್ಲವನ್ನೂ ತೊದಲುತ್ತಾ ಹೇಳಿದೆ.

"ಸಿಕ್ಕಿಬಿದ್ದ ಮ್ಯಾಲೆ ಎಲ್ಲರೂ ಒಂದೊಂದು ಕಥಿ ಹೇಳ್ತಾರ" ಎಂದರು ರುದ್ರಪ್ಪ.

ಆ ಹೆಂಗಸು ಮಾತ್ರ ನನ್ನನ್ನೇ ನೋಡುತ್ತಿದ್ದರು. ಅವರ ಹೆಸರು ಹಾಲವ್ವ ಎಂದು ಆಮೇಲೆ ತಿಳಿಯಿತು. "ನಿಮ್ಮವ್ವನ್ನ ಈಗ ಎತ್ತಿ ಕುಂದ್ರಿಸೋರು ಯಾರು?" ಎಂದು ಕೇಳಿದರು.

"ನಾನೇ. ನಾನು ಶಾಲೆಗೆ ಹೋದಾಗ ಪಕ್ಕದ ಮನೆಯವರು ಬರ್ತಾರೆ."

"ಬೆನ್ನಿಗೆ ಹುಣ್ಣಾಗ್ಯಾವಾ?"

"ಎರಡು ಆಗಿವೆ."

ಅವರು ಮೈದುನನ ಕೈಯಿಂದ ಕ್ಯಾಮೆರಾ ಇಸಿದುಕೊಂಡರು. ನನಗೆ ಜಗಲಿಯ ಮೇಲೆ ಕೂರಲು ಹೇಳಿ ತಾವು ಬಾಗಿಲಿನ ಹತ್ತಿರ ಕೂತರು. ಕ್ಯಾಮೆರಾ ಅವರ ಮಡಿಲಲ್ಲೇ ಇತ್ತು.

"ಗಲಾಟಿ ಆದ ವರ್ಷ ಒಬ್ಬ ಹಿಂಗೇ ಬಂದಿದ್ದ, ತಮ್ಮಾ. ನಿಮ್ಮಂಗೇ ಕೋಟು ಹಾಕ್ಕಂಡು. ಬಾಯಿ ಬಿಟ್ಟು ಒಂದು ಮಾತು ಆಡಲಿಲ್ಲ. ಮನಿ ಮುಂದೆ ನಿಂತ, ನಮ್ಮ ಮನಿಯೋರ ಮುಖ ನೋಡಿದ, ಹೋದ. ಮಾರನೇ ದಿನ ಪೊಲೀಸ್ನೋರು ಹುಡುಕ್ಕಂಡು ಬಂದ್ರು. ಇವರು ಹಿತ್ತಲ ಕಡಿಂದ ಕಾಡಿಗೆ ಹೋದ್ರು. ಒಂದು ರೊಟ್ಟಿ ಕಟ್ಟಿ ಕೊಡಾಕೂ ನನಗೆ ಪುರಸೊತ್ತು ಸಿಗಲಿಲ್ಲ."

"ಆಮೇಲೆ?"

"ಆಮ್ಯಾಲೇನೈತಿ? ಬರಲಿಲ್ಲ. ಸತ್ರು ಅಂತ ಹೇಳಿದೋರೂ ಇಲ್ಲ, ಕಂಡೆ ಅಂತ ಹೇಳಿದೋರೂ ಇಲ್ಲ. ಅವತ್ತಿಂದ ಯಾರಾದ್ರೂ ಗುರ್ತಿಲ್ಲದೋರು ಮುಖ ನೋಡಿ ಸುಮ್ನೆ ಹೋದ್ರೆ ಎದಿ ಹೊಡಕಂತೈತಿ ನನಗೆ."

ನಾನು ಮಕ್ಕಳಿಗೆ ಪಾಠ ಹೇಳುವಾಗ ಇಂಥ ಒಂದು ಮಾತೂ ನನ್ನ ಬಾಯಲ್ಲಿ ಬಂದಿರಲಿಲ್ಲ. ತಪ್ಪಾಯಿತು ಎಂದೆ. ಹಾಲವ್ವ ಕ್ಯಾಮೆರಾವನ್ನು ನನ್ನ ಕೈಗಿತ್ತರು.

"ತಗಂಡು ಹೋಗ್ರಿ. ಕೂಸಿನ ಮುಖ ನಿಮ್ಮವ್ವಗೆ ತೋರಿಸ್ರಿ. ನಂದು ಏನೈತಿ, ಅದನ್ನ ತಂದು ನನಗೆ ಕೊಡಬೇಕು. ನಿಮ್ಮ ಹತ್ರ ಒಂದೂ ಇಟ್ಕಬಾರದು."

ಸೈಕಲ್ಲನ್ನಾದರೂ ಒತ್ತೆಯಾಗಿ ಇಲ್ಲಿ ಬಿಟ್ಟು ಹೋಗಲಿ ಎಂದರು ರುದ್ರಪ್ಪ. "ಬ್ಯಾಡ, ಅಷ್ಟು ದೂರ ನಡೀತಾ ಹೋದ್ರೆ ಆ ಮುದುಕಿನ್ನ ಎಬ್ಬಿಸೋರು ಯಾರು?" ಎಂದು ಹಾಲವ್ವ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು.

ಉಳಿದ ಎರಡು ಫೋಟೋಗಳನ್ನು ನಾನು ತೆಗೆಯಲಿಲ್ಲ. ರೀಲನ್ನು ಹಾಗೆಯೇ ಸುತ್ತಿ ಮರುದಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಶಿವಮೊಗ್ಗಕ್ಕೆ ಕಳಿಸಿದೆ. ಎರಡನೇ ವಾರ ನಾನೇ ಹೋಗಿ ತಂದೆ. ಅವ್ವ ಒಂದೊಂದೇ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಮಗು ಆಕಳಿಸುವ ಫೋಟೋ ಬಂದಾಗ ತಾನೂ ಬಾಯಿ ತೆರೆದಳು. "ಕಿವಿ ನಿಮ್ಮಪ್ಪಂದು" ಎಂದಳು. ಅಷ್ಟು ದಿನಗಳಲ್ಲಿ ಮೊದಲ ಸಲ ಅವತ್ತು ಎರಡು ರೊಟ್ಟಿ ಪೂರ್ತಿ ತಿಂದಳು.

ಇನ್ನು ನನ್ನ ನಾಚಿಕೆಯ ಭಾಗ. ಹಾಲವ್ವನವರ ಫೋಟೋ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ನನ್ನ ಜೀವಮಾನದಲ್ಲಿ ಮತ್ತೆ ಅಂಥದ್ದು ತೆಗೆಯಲಿಲ್ಲ. ಹೊಟ್ಟಿನ ಒಂದೊಂದು ಚೂರೂ ಬೆಳಕಿನ ಕಿಡಿಯಂತೆ ಕಾಣುತ್ತಿತ್ತು, ಅದರ ಹಿಂದೆ ಅವರ ಮುಖ. ಸ್ಟುಡಿಯೋದವರು, "ಇದನ್ನ ಯಾವುದಾದ್ರೂ ಪತ್ರಿಕೆಗೆ ಕಳಿಸ್ರೀ ಮೇಷ್ಟ್ರೇ, ಹೆಸರು ಬರುತ್ತೆ" ಎಂದರು. ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಅದರ ಇನ್ನೊಂದು ಪ್ರತಿ ಹಾಕಿಸಿಬಿಟ್ಟೆ.

ಮುಂದಿನ ಭಾನುವಾರ ಈಸೂರಿಗೆ ಹೋದೆ. ಹಾಲವ್ವ ಅಡಿಗೆಮನೆಯಲ್ಲಿದ್ದರು. ರುದ್ರಪ್ಪ ನನ್ನನ್ನು ಕಂಡು, "ಬಂದ್ರಲ್ಲ" ಎಂದಷ್ಟೇ ಅಂದು ಕಂಬಳಿ ಹಾಸಿದರು. ಹಾಲವ್ವ ಹೊರಗೆ ಬಂದ ಮೇಲೆ ಒಂದು ಪ್ರತಿಯನ್ನೂ, ಕತ್ತರಿಸಿ ತಂದಿದ್ದ ನೆಗೆಟಿವನ್ನೂ ಅವರ ಕೈಯಲ್ಲಿಟ್ಟೆ. ನೆಗೆಟಿವ್ ಎಂದರೆ ಏನು ಎಂದು ವಿವರಿಸಿದೆ. ಇದೊಂದಿದ್ದರೆ ಎಷ್ಟು ಬೇಕಾದರೂ ಫೋಟೋ ಮಾಡಬಹುದು ಎಂದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಒಳಗೆ ಹೋಗಿ ಒಲೆಗೆ ಹಾಕಿ ಬಂದರು.

"ಇಷ್ಟೇನಾ, ತಮ್ಮಾ?" ಎಂದು ಕೇಳಿದರು.

ಆ ಮಾತಿನಲ್ಲಿ ಅನುಮಾನ ಇರಲಿಲ್ಲ. ಲೆಕ್ಕ ಮುಗಿಯಿತೇ ಎಂದು ಕೇಳುವಂತೆ ಸಹಜವಾಗಿ ಕೇಳಿದ್ದರು. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕೋಟಿನ ಒಳಜೇಬಿನಿಂದ ಎರಡನೆಯ ಪ್ರತಿಯನ್ನು ತೆಗೆದು ಕೊಟ್ಟೆ. ಅವರು ಯಾಕೆ ಎಂದು ಕೇಳಲಿಲ್ಲ.

ಹಾಲವ್ವ ಫೋಟೋವನ್ನು ಬಹಳ ಹೊತ್ತು ನೋಡಿದರು. ಕೆನ್ನೆಯ ಮೇಲೆ ಕೈ ಆಡಿಸಿಕೊಂಡರು. "ಇಷ್ಟು ಮುದುಕಿ ಆಗೀನೇನು ನಾನು?" ಎಂದರು. ಅವರ ಮನೆಯಲ್ಲಿ ಕನ್ನಡಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಆಮೇಲೆ ಒಂದು ಫೋಟೋವನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದನ್ನು ಮೈದುನನ ಕಡೆ ಚಾಚಿದರು.

"ರುದ್ರಾ, ಇದು ನಿನ್ನ ಹತ್ರ ಇರಲಿ. ನಿಮ್ಮಣ್ಣ ಎಂದಾರ ಬಂದು, ಅಷ್ಟೊತ್ತಿಗೆ ನಾನು ಇರದಿದ್ರೆ, ಇದನ್ನ ತೋರ್ಸು. ನಾ ಇದ್ರೂ ತೋರ್ಸು. ಆಗ ನಾನು ಸಣ್ಣಾಕಿ ಇದ್ದೆ. ಗುರ್ತು ಹಿಡಿಯಾಕಿಲ್ಲ ಅವರು."

ರುದ್ರಪ್ಪ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು, ತಲೆಯ ಪೇಟ ಬಿಚ್ಚಿ ಅದರ ಮಡಿಕೆಯೊಳಗೆ ಇಟ್ಟು ಮತ್ತೆ ಸುತ್ತಿಕೊಂಡರು.

ಅವ್ವ ಆಮೇಲೆ ಎರಡು ವರ್ಷ ಬದುಕಿದಳು, ಮೊಮ್ಮಗಳನ್ನು ಎತ್ತಿಕೊಂಡಳು ಕೂಡ. ಆ ಕ್ಯಾಮೆರಾದೊಂದಿಗೆ ನಾನು ಚಂದ್ರಗುತ್ತಿ ಗುಡ್ಡ ಹತ್ತಿದ್ದೇನೆ, ಉಡುತಡಿಗೆ ಹೋಗಿದ್ದೇನೆ, ಎಷ್ಟೋ ಜನರನ್ನು ಕೇಳಿ ಫೋಟೋ ತೆಗೆದಿದ್ದೇನೆ. ಬೇಡ ಎಂದವರೂ ಇದ್ದಾರೆ; ಆಗ ಕ್ಯಾಮೆರಾ ಮಡಿಸಿ ಜೇಬಿಗಿಟ್ಟು ಅವರೊಡನೆ ಮಾತಾಡುತ್ತಾ ಕೂತಿದ್ದೇನೆ. ಈಸೂರಿನ ಹತ್ತಿರದ ರಸ್ತೆಯಲ್ಲಿ ಹಲವು ಸಲ ಓಡಾಡಿದೆ. ಹಾಲವ್ವನವರ ಗಂಡ ಬಂದರೇ ಎಂದು ಕೇಳಬೇಕೆನ್ನಿಸುತ್ತಿತ್ತು. ಆದರೆ ಆ ಮನೆಯ ಮುಂದೆ ನಿಂತು ಅದನ್ನು ಕೇಳುವ ಧೈರ್ಯ ನನಗೆ ಒಮ್ಮೆಯೂ ಬರಲಿಲ್ಲ.